ಗ್ಯಾಸ್ ಅಂತ ಬಿಟ್ಟ ರಾತ್ರಿ ಕೆಮ್ಮು

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಕೇಳ್ತಿರೋರಿಗೆ ಒಂದು ಪ್ರಶ್ನೆ. ನಡುರಾತ್ರಿ ಉಸಿರು ಕಟ್ಟಿದಂಗಾಗಿ ಎದ್ದು ಕೂತಿದ್ದೀರಾ? ಬಾಯೆಲ್ಲಾ ಹುಳಿ, ಎದೆ ಉರಿ, ಮೇಲೆ ಕೆಮ್ಮು?

ಭತ್ತದ ಕಟಾವಿನ ದಿನಗಳಾದ್ರೆ ಧೂಳು ಅಂತೀವಿ, ಇಲ್ಲಾಂದ್ರೆ ಸಂಜೆ ತಿಂದ ಮಿರ್ಚಿ ಭಜಿ. ಎರಡೂ ಇರಬಹುದು. ಆದರೆ ಗೊರಕೆ ಹೊಡೆಯುವಾಗ ನಡುನಡುವೆ ಸದ್ದು ನಿಂತು, ಆಮೇಲೆ ಗಕ್ಕನೆ ಉಸಿರು ಎಳೀತೀರಾ ಅಂತ ಮನೆಯವರನ್ನ ಕೇಳಿ.

ಹೌದು ಅಂದ್ರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತೆ. ಪ್ರತಿಸಲ 10 ಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು. ಮುಚ್ಚಿದ ದಾರಿಯಲ್ಲೇ ಗಾಳಿ ಎಳೆಯಲು ಹೆಣಗುವಾಗ ಎದೆಯೊಳಗಿನ ಒತ್ತಡ ಇಳಿಯುತ್ತೆ, ಹೊಟ್ಟೆಯ ಆಮ್ಲ ಮೇಲೇರೋಕೆ ಅನುಕೂಲ ಆಗುತ್ತೆ. ಅದು ಗಂಟಲು, ಶ್ವಾಸನಾಳ ತಾಗಿದರೆ ಕೆಮ್ಮು, ಉಬ್ಬಸ. ನಾವು ದಮ್ಮು ಅಂದ್ಕೋತೀವಿ. ಬೊಜ್ಜು ಇದ್ದರಂತೂ ಎರಡೂ ಹೆಚ್ಚು, ತೆಳ್ಳಗಿದ್ದೋರಿಗೂ ಬರುತ್ತೆ.

ಗ್ಯಾಸ್ ಮಾತ್ರೆ ಉರಿ ತಗ್ಗಿಸುತ್ತೆ, ಗಂಟಲು ತೆರೆಯಲ್ಲ. ಹಾಗೇ ಬಿಟ್ಟರೆ ಬಿಪಿ ಏರಬಹುದು. ಹಗಲೆಲ್ಲಾ ತೂಕಡಿಕೆ ಬೇರೆ. ಲಾರಿ, ಟ್ರ್ಯಾಕ್ಟರ್ ಓಡಿಸೋ ಹುಡುಗರೇ, ಇದು ನಿಮಗೇ ಹೇಳ್ತಿರೋದು. ಆಪ್ನಿಯಾ ಅಂತ ಗೊತ್ತಾದ್ರೆ ಸಿಪ್ಯಾಪ್ ಅನ್ನೋ ಯಂತ್ರ ಮಾಸ್ಕ್ ಮೂಲಕ ಗಾಳಿ ಒತ್ತಿ ದಾರಿ ತೆರೆದಿಡುತ್ತೆ. ಎಷ್ಟೋ ಜನರಿಗೆ ಆಮ್ಲ ಮೇಲೇರೋದೂ ಕಮ್ಮಿ ಆಗುತ್ತೆ.

ಸದ್ಯಕ್ಕೆ ಊಟ ಆಗಿ ಮೂರು ತಾಸಾದ ಮೇಲೆ, ಎಡ ಮಗ್ಗುಲಲ್ಲಿ ಮಲಗಿ. ಎದೆನೋವು, ಬೆವರು ಜೊತೆಗೆ ಬಂದರೆ ಮಾತ್ರ ಗ್ಯಾಸ್ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಉಳಿದಂತೆ ಇವತ್ತು ರಾತ್ರಿ ನಿಮ್ಮ ಗೊರಕೆಯನ್ನ ಮನೆಯವರ ಕೈಲಿ ಮೊಬೈಲಲ್ಲಿ ರೆಕಾರ್ಡ್ ಮಾಡಿಸಿ, ಡಾಕ್ಟರಿಗೆ ಕೇಳಿಸಿ, ನಿದ್ದೆ ಪರೀಕ್ಷೆ ಬೇಕಾ ಅಂತ ಕೇಳ್ರಿ.