ಗಾಳಿಯನ್ನು ಓದಿದವರ ಹಾರಾಟ

(ಶಾಲೆಯ ವಾರ್ಷಿಕ ಸಮ್ಮೇಲನದಲ್ಲಿ ಮಾಡಿದ ಭಾಷಣ)



ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ನಮ್ಮ ಹೊಲದ ಕಣಿಕೆಯ ಬಣವಿಯನ್ನೇರಿ, ಅಜ್ಜನ ಕೊಡೆಯನ್ನು ಬಿಚ್ಚಿ ಹಿಡಿದು ಕೆಳಗೆ ಜಿಗಿದೆನು. ಕೊಡೆಯು ಮೇಲ್ಮುಖವಾಗಿ ಮಗುಚಿತು. ನನ್ನ ಎಡಗೈ ಮುರಿಯಿತು. ತಂದೆಯವರು ಬೈದರು, ತಾಯಿ ಅತ್ತಳು, ಅಜ್ಜನು ಕೊಡೆ ಹಾಳಾಯಿತೆಂದು ನೊಂದುಕೊಂಡನು. ಆದರೆ ಆಕಾಶದ ಹದ್ದು ಏಕೆ ಬೀಳುವದಿಲ್ಲ, ನಾನೇಕೆ ಬಿದ್ದೆ ಎಂಬ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಆ ಉತ್ತರವನ್ನು ಹುಡುಕುವ ನೆವದಿಂದ ಇಂದು ನಿಮ್ಮನ್ನು ಯುರೋಪದ ಆಲ್ಪ್ಸ್ ಪರ್ವತಗಳ ವರೆಗೆ ಕರೆದೊಯ್ಯಬೇಕೆಂದಿದ್ದೇನೆ.

ಹೊರಡುವ ಮೊದಲು ನಮ್ಮ ಸಂಖದ ಹೊಲಗಳನ್ನೇ ಒಮ್ಮೆ ನೋಡಿರಿ. ಮಾರ್ಚ, ಏಪ್ರಿಲ ತಿಂಗಳ ಮಧ್ಯಾಹ್ನದಲ್ಲಿ ಹರಗಿದ ಕರಿಯ ಭೂಮಿಯು ಕಾಯ್ದ ಹಂಚಿನಂತಾಗುವದು. ಅದಕ್ಕೆ ಹತ್ತಿಕೊಂಡ ಗಾಳಿಯು ಕಾಯ್ದು ಹಗುರವಾಗಿ ಮೇಲಕ್ಕೇಳುವದು. ಧೂಳು, ಒಣಗಿದ ಎಲೆಗಳನ್ನೆತ್ತಿಕೊಂಡು ಗಿರಗಿರನೆ ತಿರುಗುವ ಸುಂಟರಗಾಳಿಯು ಈ ಏರುಗಾಳಿಯ ಕಣ್ಣಿಗೆ ಕಾಣುವ ರೂಪ. ಕಾಣದಿರುವ ಏರುಗಾಳಿಗಳು ಇನ್ನೂ ಹೆಚ್ಚು. ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಮೇಲೇರುವದು ಇಂಥದರ ಬಲದಿಂದಲೆ. ಗಾಳಿಯು ಅದನ್ನು ಎತ್ತುತ್ತದೆ. ಎಲ್ಲಿ ಎತ್ತುತ್ತದೆಂಬುದನ್ನು ಹದ್ದು ಅರಿತಿರುತ್ತದೆ.

ಹದ್ದಿನ ಈ ವಿದ್ಯೆಯನ್ನು ಮನುಷ್ಯನು ಅರಿವೆಯ ರೆಕ್ಕೆಯಿಂದ ಸಾಧಿಸಿದ್ದಕ್ಕೆ ಪ್ಯಾರಾಗ್ಲೈಡಿಂಗ್ ಎಂದು ಹೆಸರು. ಇದರಲ್ಲಿ ಯಂತ್ರವಿಲ್ಲ, ಕಟ್ಟಿಗೆಯಿಲ್ಲ, ಕಬ್ಬಿಣದ ಹಂದರವಿಲ್ಲ. ಎರಡು ಪದರಿನ ಬಟ್ಟೆಯನ್ನು ಹೊಲಿದು ನಡುವೆ ಹಲವು ಕೋಣೆಗಳನ್ನು ಮಾಡಿರುತ್ತಾರೆ. ಮುಂಬದಿಯ ಬಾಯಿಗಳಿಂದ ಗಾಳಿಯು ಒಳಹೊಕ್ಕು ತುಂಬಿದೊಡನೆ ಮೆತ್ತನೆಯ ಬಟ್ಟೆಯು ಬಿಗಿದು ರೆಕ್ಕೆಯಾಗುವದು. ಅದರಿಂದ ಇಳಿಬಿದ್ದ ತೆಳುವಾದ ಹಗ್ಗಗಳಿಗೆ ಒಂದು ಆಸನವನ್ನು ತೂಗುಹಾಕಿ, ಹಾರುವವನನ್ನು ಅದರಲ್ಲಿ ಪಟ್ಟಿಗಳಿಂದ ಬಿಗಿಯುತ್ತಾರೆ. ಒಬ್ಬನು ಹಾರುವ ರೆಕ್ಕೆಯು ಸುಮಾರು 25 ಚದರ ಮೀಟರ ಇರುವದು. ನನ್ನ ಅಜ್ಜನ ಕೊಡೆಯು ಒಂದು ಚದರ ಮೀಟರವೂ ಇರಲಿಲ್ಲ. ಕೊಡೆಯು ಬೀಳುವ ವೇಗವನ್ನು ತುಸು ತಡೆಯಲು ಯತ್ನಿಸುವದಷ್ಟೆ. ರೆಕ್ಕೆಯಾದರೊ ಗಾಳಿಯನ್ನು ಸೀಳಿ ಮುಂದೆ ಸಾಗುತ್ತದೆ, ಸಾಗುವದರಿಂದಲೆ ಎತ್ತುವ ಬಲವನ್ನು ಪಡೆಯುತ್ತದೆ. ನಿಶ್ಚಲವಾದ ಗಾಳಿಯಲ್ಲಿ ಅದು ಒಂದು ಮೀಟರ ಇಳಿಯುವಷ್ಟರಲ್ಲಿ ಎಂಟೊಂಬತ್ತು ಮೀಟರ ಮುಂದೆ ಹೋಗಿರುತ್ತದೆ. ನಾಲ್ವತ್ತು ವರ್ಷಗಳ ಮೇಲೆ ನನ್ನ ಪ್ರಶ್ನೆಗೆ ದೊರೆತ ಉತ್ತರವಿದು.

ಈ ರೆಕ್ಕೆಯ ಮೂಲವು ಮಕ್ಕಳ ಆಟಿಗೆಯಲ್ಲಿದೆ ಎಂದರೆ ನಿಮಗೆ ಹರ್ಷವಾದೀತು. ಅಮೇರಿಕೆಯಲ್ಲಿ ಗಾಳಿಪಟಗಳನ್ನು ರಚಿಸುತ್ತಿದ್ದ ಡೊಮಿನಾ ಜಾಲ್ಬರ್ಟ್ ಎಂಬವನು 1964ರಲ್ಲಿ ಗಾಳಿ ತುಂಬಿ ಬಿಗಿಯುವ ಈ ಕೋಣೆಗಳ ರೆಕ್ಕೆಯನ್ನು ರೂಪಿಸಿದನು. ಮುಂದೆ ವಿಮಾನದಿಂದ ಜಿಗಿಯುವವರು ಅದನ್ನು ಬಳಸಹತ್ತಿದರು. ಆದರೆ ಪ್ರತಿ ಜಿಗಿತಕ್ಕೂ ವಿಮಾನದ ವೆಚ್ಚ ಬಹಳ. ಆಗ ಫ್ರಾನ್ಸ್ ದೇಶದ ಆಲ್ಪ್ಸ್ ಸೀಮೆಯ ಮ್ಯೂಸಿ ಎಂಬ ಹಳ್ಳಿಯಲ್ಲಿ ಬೆತಾಂ, ಬೋನ್, ಬೊಸ್ಸಾಂ ಎಂಬ ಮೂವರು ಗೆಳೆಯರು, ‘ಬೆಟ್ಟವೇ ಇರುವಾಗ ವಿಮಾನವೇಕೆ?’ ಎಂದು ಯೋಚಿಸಿದರು. 1978ರ ಜೂನದಲ್ಲಿ ಅಲ್ಲಿಯ ಇಳಿಜಾರಿನ ಮೇಲೆ ಓಡಿ, ರೆಕ್ಕೆಯನ್ನುಬ್ಬಿಸಿ ಹಾರಿದರು. ಬಡತನವು ಬುದ್ಧಿಯನ್ನು ಮಸೆಯುವದೆಂಬುದಕ್ಕೆ ಇದೊಂದು ನಿದರ್ಶನ. ಹನ್ನೊಂದೇ ವರ್ಷಗಳಲ್ಲಿ, 1989ರಲ್ಲಿ, ಆಸ್ಟ್ರಿಯಾದ ಕ್ಯೋಸೆನ್ ಎಂಬಲ್ಲಿ ಈ ವಿದ್ಯೆಯ ಮೊದಲನೆಯ ಅಧಿಕೃತ ಜಾಗತಿಕ ಸ್ಪರ್ಧೆಯು ಜರುಗಿತು.

ಇಂದು ಆಲ್ಪ್ಸ್ ಸೀಮೆಯು ಹಾರುವವರಿಗೆ ತವರುಮನೆಯಂತಾಗಿದೆ. ಫ್ರಾನ್ಸಿನ ಶಾಮೊನಿಯಲ್ಲಿ 4,800 ಮೀಟರಿಗೂ ಮಿಕ್ಕಿದ ಮೋಂ ಬ್ಲಾಂ ಶಿಖರದ ಹಿಮವನ್ನು ಎದುರಿಗಿಟ್ಟುಕೊಂಡು ಹಾರುತ್ತಾರೆ. ಅನಸಿಯಲ್ಲಿ ನೀಲಿಯ ಸರೋವರವು ಕಾಲಡಿಯಲ್ಲಿರುವದು. ಸ್ವಿಟ್ಜರ್ಲಂಡದ ಇಂಟರ್‌ಲಾಕೆನ್ ಊರು ಥುನ್, ಬ್ರಿಯೆಂಜ್ ಎಂಬ ಎರಡು ಸರೋವರಗಳ ನಡುವೆ ಇರುವದು. ಅದರ ಹೆಸರಿನ ಅರ್ಥವೂ ಅದೇ. ಫೀಶ್ ಎಂಬಲ್ಲಿಂದ ಹೊರಟವರು ಆಲ್ಪ್ಸಿನಲ್ಲಿಯೆ ಅತಿ ಉದ್ದವಾದ ಅಲೆಚ್ ಹಿಮನದಿಯನ್ನು ನೋಡಬಹುದು. ಮುಂಜಾನೆ ಮೂಡಣ ದಿಕ್ಕಿನ ಇಳಿಜಾರುಗಳು ಕಾಯುತ್ತವೆ, ಸಂಜೆಗೆ ಪಡುವಣವು. ಹಾರುವವರು ಬಿಸಿಲನ್ನು ಅನುಸರಿಸಿ ಬೆಟ್ಟದಿಂದ ಬೆಟ್ಟಕ್ಕೆ ಸಾಗುತ್ತಾರೆ.

ಆದರೆ ಅಲ್ಲಿ ‘ಫ್ಯೋನ್’ ಎಂಬ ಒಂದು ಗಾಳಿಯುಂಟು. ತೇವದ ಗಾಳಿಯು ಪರ್ವತದ ಒಂದು ಮಗ್ಗುಲನ್ನೇರಿ ಮಳೆ ಸುರಿಸಿ, ಬರಿಗೈಯಾಗಿ ಇನ್ನೊಂದು ಮಗ್ಗುಲಿಗಿಳಿಯುವಾಗ ಬಿಸಿಯೂ ಒಣವೂ ಆಗಿ ಭೋರ್ಗರೆಯುವದು. ಆಕಾಶವು ಸ್ವಚ್ಛವಾಗಿ ಕಾಣುತ್ತಿದ್ದರೂ ಆ ದಿನ ಬಲ್ಲವರು ರೆಕ್ಕೆಯನ್ನು ಚೀಲದಿಂದ ಹೊರತೆಗೆಯುವದೆ ಇಲ್ಲ. ಮಕ್ಕಳೆ, ಈ ಪಾಠವು ನಮಗೆ ಹೊಸದಲ್ಲ. ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸಿದ ಗಾಳಿಯು ನಮ್ಮ ಜತ್ತ ತಾಲೂಕಿಗೆ ಬರುವಷ್ಟರಲ್ಲಿ ಒಣಗಿರುತ್ತದೆ. ನಮಗೆ ದೊರೆಯುವದು ಅದರ ಹತ್ತರಲ್ಲೊಂದು ಪಾಲು. ನಮ್ಮ ಬರಗಾಲಕ್ಕೂ ಆಲ್ಪ್ಸಿನ ಆ ಬಿಸಿಗಾಳಿಗೂ ಕಾರಣವು ಒಂದೇ ನಿಯಮದಲ್ಲಿದೆ. ‘ಮಳೆಯ ನೆರಳು’ ಎಂದು ಭೂಗೋಲದ ಪುಸ್ತಕದಲ್ಲಿ ಓದುವಾಗ ಅದು ನಮ್ಮ ಮನೆಯ ಮೇಲೆಯೇ ಬಿದ್ದಿರುವ ನೆರಳೆಂಬುದನ್ನು ಮರೆಯಬೇಡಿರಿ.

ಆ ಮಹಾಬಳೇಶ್ವರದ ಬದಿಯಲ್ಲಿಯೆ, ನಮ್ಮ ನೆರೆಯ ಸಾತಾರಾ ಜಿಲ್ಲೆಯ ಪಾಂಚಗಣಿಯಲ್ಲಿ, ಪ್ಯಾರಾಗ್ಲೈಡಿಂಗ್ ನಡೆಯುತ್ತದೆ. ಪುಣೆ ಜಿಲ್ಲೆಯ ಕಾಮಶೇತದಲ್ಲಿಯೂ ಅದನ್ನು ಕಲಿಸುತ್ತಾರೆ. ಹಿಮಾಚಲ ಪ್ರದೇಶದ ಬೀಡ-ಬಿಲ್ಲಿಂಗವಂತೂ ಜಗತ್ಪ್ರಸಿದ್ಧ. ಧವಳಾಧಾರ ಪರ್ವತದ ಮಗ್ಗುಲಲ್ಲಿ ಸುಮಾರು 2,400 ಮೀಟರ ಎತ್ತರದ ಬಿಲ್ಲಿಂಗದಿಂದ ಹಾರಿ, ತಗ್ಗಿನ ಬೀಡ ಗ್ರಾಮದಲ್ಲಿ ಇಳಿಯುತ್ತಾರೆ. 2015ರಲ್ಲಿ ಅಲ್ಲಿ ವಿಶ್ವಕಪ್ ಸ್ಪರ್ಧೆಯು ನಡೆಯಿತು. ಮಳೆಗಾಲದಲ್ಲಿ ಅಲ್ಲಿ ಹಾರಾಟಕ್ಕೆ ಸರಕಾರದ ನಿಷೇಧವಿದೆ.

2025ರ ಫೆಬ್ರುವರಿಯಲ್ಲಿ ವಾಯಿ ತಾಲೂಕಿನ ಒಬ್ಬ ಕಾಲೇಜು ವಿದ್ಯಾರ್ಥಿಯು ಪಾಂಚಗಣಿಯಲ್ಲಿದ್ದಾಗ ಪರೀಕ್ಷೆಯ ವೇಳೆಯು ಹತ್ತಿರಾಯಿತು. ಘಾಟಿನ ದಾರಿಯಿಂದ ಹೋದರೆ ವೇಳೆಗೆ ಮುಟ್ಟುವಂತಿರಲಿಲ್ಲ. ಅನುಭವಿಗಳ ಸಹಾಯದಿಂದ ಅವನು ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡು ಗಾಳಿಯಲ್ಲಿ ಹಾರಿ ಕೆಳಗಿಳಿದು ಪರೀಕ್ಷೆಗೆ ಹಾಜರಾದನು. ದೇಶವೆಲ್ಲ ಈ ಸುದ್ದಿಯನ್ನು ಕೇಳಿ ನಕ್ಕು ಮೆಚ್ಚಿತು. ನೀವೂ ನಗುತ್ತಿರುವಿರಿ, ನಗಿರಿ. ನಮ್ಮ ಸಂಖದಲ್ಲಿ ಅಂಥ ಘಾಟಿಲ್ಲವಾದ್ದರಿಂದ ನೀವು ಮಾತ್ರ ಅರ್ಧ ತಾಸು ಮೊದಲೆ ಮನೆಯಿಂದ ಹೊರಡಬೇಕು!

ಆದರೆ ಇನ್ನೊಂದು ಸುದ್ದಿಯನ್ನೂ ಮುಚ್ಚಿಡಲಾರೆ. 2022ರ ಡಿಸೆಂಬರದಲ್ಲಿ ಕುಲ್ಲು ಸೀಮೆಯಲ್ಲಿ ಮಹಾರಾಷ್ಟ್ರದ ಒಬ್ಬ ತರುಣ ಪ್ರವಾಸಿಯು ಹಾರಾಟದ ನಡುವೆ ಆಸನದಿಂದ ಕಳಚಿ ಬಿದ್ದು ಮರಣ ಹೊಂದಿದನು. ಗಾಳಿಯ ಮುಂದೆ ಅಜಾಗ್ರತೆಗೆ ಕ್ಷಮೆಯಿಲ್ಲ. ಹಾರುವ ಮುನ್ನ ಪ್ರತಿಯೊಂದು ಪಟ್ಟಿಯನ್ನು, ಪ್ರತಿಯೊಂದು ಹಗ್ಗವನ್ನು ಮುಟ್ಟಿ ನೋಡುವದು, ಶಿರಸ್ತ್ರಾಣವನ್ನು ಧರಿಸುವದು, ತರಬೇತಿ ಪಡೆದು ಪರವಾನಿಗೆ ಹೊಂದಿದವರ ಸಂಗಡವೇ ಹೋಗುವದು, ಇವು ಈ ವಿದ್ಯೆಯ ನಿತ್ಯವಿಧಿಗಳು. ಎಲ್ಲಕ್ಕಿಂತ ದೊಡ್ಡದು ಗಾಳಿಯು ಒಪ್ಪದ ದಿನ ಬೆಟ್ಟವಿಳಿದು ಮನೆಗೆ ಬರುವ ಧೈರ್ಯ. ಕಣದಲ್ಲಿ ರಾಶಿ ತೂರುವ ನಮ್ಮ ರೈತನು ಗಾಳಿ ಬೀಸದಿದ್ದರೆ ಬುಟ್ಟಿಯನ್ನು ಕೆಳಗಿಟ್ಟು ಕಾಯುತ್ತಾನೆ. ಅವನನ್ನು ಯಾರೂ ಹೇಡಿಯೆನ್ನುವದಿಲ್ಲ.

ಪಾಲಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗನೊ ಮಗಳೊ ‘ನಾನು ಹಾರಬಲ್ಲೆನೆ?’ ಎಂದು ಕೇಳಿದರೆ ಗದರಿಸಿ ಬಾಯಿ ಮುಚ್ಚಿಸಬೇಡಿರಿ. ಉತ್ತರ ಸಿಕ್ಕದ ಮಗುವು ಬಣವಿಯನ್ನೇರುತ್ತದೆ. ನಿಮಗೆ ತಿಳಿಯದಿದ್ದರೆ, ‘ಬಾ, ಗುರುಗಳನ್ನು ಕೇಳೋಣ’ ಎನ್ನಿರಿ. ಗಾಳಿ, ಬಿಸಿಲು, ಹದ್ದು, ಸುಂಟರಗಾಳಿ ಎಂಬ ನಮ್ಮ ಕನ್ನಡ ಮಾತುಗಳಲ್ಲಿಯೆ ಇಂದು ಆಲ್ಪ್ಸಿನ ವಿದ್ಯೆಯೆಲ್ಲವನ್ನೂ ಹೇಳಿ ಮುಗಿಸಿದ್ದೇನೆ. ಗಡಿಯ ಊರಿನ ಈ ಶಾಲೆಯಲ್ಲಿ ತಾಯ್ನುಡಿಯಿಂದ ಕಲಿಯುವ ಮಗುವಿಗೆ ಯಾವ ವಿದ್ಯೆಯೂ ಎಟುಕದಷ್ಟು ಎತ್ತರದಲ್ಲಿಲ್ಲ.

ವಿದ್ಯಾರ್ಥಿಗಳೆ, ಕೊಡೆ ಹಿಡಿದು, ಚಾದರ ಕಟ್ಟಿಕೊಂಡು ಮಾಳಿಗೆಯಿಂದ ಜಿಗಿಯುವ ಹುಚ್ಚು ಸಾಹಸವನ್ನು ಎಂದಿಗೂ ಮಾಡಬೇಡಿರಿ. ನನ್ನ ಎಡಗೈ ಇಂದಿಗೂ ಪೂರ್ಣವಾಗಿ ನೆಟ್ಟಗಾಗುವದಿಲ್ಲ. ಬೇಕಾದವರು ಸಭೆ ಮುಗಿದ ಮೇಲೆ ಬಂದು ನೋಡಬಹುದು. ನಾಳೆ ಮಧ್ಯಾಹ್ನ ಹೊಲದ ಬದುವಿನ ಮೇಲೆ ನಿಂತು ಹದ್ದೊಂದು ಎಲ್ಲಿ ಸುತ್ತು ಹಾಕುವದೆಂದು ನೋಡಿರಿ, ಅದರ ಕೆಳಗಿನ ಭೂಮಿಯು ಕರಿಯದೊ ಬಿಳಿಯದೊ ಎಂದು ಬರೆದುಕೊಳ್ಳಿರಿ. ಮ್ಯೂಸಿಯ ಆ ಮೂವರಂತೆ ನೀವೂ ಮೊದಲು ನಿಮ್ಮೂರಿನ ಗಾಳಿಯನ್ನು ಓದಿರಿ.