ಧೈರ್ಯದಾಯಕ ಬಾರ್ನಬ

ಹೊಸ ಒಡಂಬಡಿಕೆಯನ್ನು ಓದುವವರ ದೃಷ್ಟಿ ಮೊದಲು ಯೇಸುವಿನ ಮೇಲೆಯೂ ಅನಂತರ ಪೇತ್ರ, ಪೌಲರಂಥ ಹಿರಿಯರ ಮೇಲೆಯೂ ನಿಲ್ಲುವುದು ಸಹಜ. ಅವರ ಮಗ್ಗುಲಲ್ಲಿ ಸದ್ದಿಲ್ಲದೆ ನಿಂತ ಒಬ್ಬನನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಆತನ ಹೆಸರು ಬಾರ್ನಬ. ಆತನೇ ಬರೆದದ್ದೆಂದು ನಿಶ್ಚಯವಾಗಿ ಹೇಳಬಹುದಾದ ಒಂದು ಪತ್ರವೂ ನಮಗೆ ಉಳಿದಿಲ್ಲ. ಆತನ ದೀರ್ಘವಾದ ಉಪದೇಶವೊಂದನ್ನೂ ‘ಅಪೊಸ್ತಲರ ಕೃತ್ಯಗಳು’ ಗ್ರಂಥ ದಾಖಲಿಸಿಲ್ಲ. ಆದರೂ ಆ ಗ್ರಂಥದ ಮೊದಲ ಹದಿನೈದು ಅಧ್ಯಾಯಗಳಲ್ಲಿ ಕಥೆ ಮುಗ್ಗರಿಸಿ ನಿಂತಲ್ಲೆಲ್ಲ ಅದನ್ನು ಮುಂದಕ್ಕೆ ನಡೆಸುವ ಕೈ ಬಹುಮಟ್ಟಿಗೆ ಈತನದು.

ಈತನ ಹುಟ್ಟುಹೆಸರು ಯೋಸೇಫ. ಕುಪ್ರದ್ವೀಪದವನು, ಎಂದರೆ ಇಂದಿನ ಸೈಪ್ರಸ್ಸಿನವನು, ಲೇವಿಯ ಕುಲದವನು. ತನ್ನ ಹೊಲವನ್ನು ಮಾರಿ ಬಂದ ಹಣವನ್ನು ಬಡವರ ಪಾಲನೆಗಾಗಿ ತಂದೊಪ್ಪಿಸಿದ ಈತನನ್ನು ಅಪೊಸ್ತಲರು ಬಾರ್ನಬನೆಂದು ಕರೆದರು. ಆ ಹೆಸರಿಗೆ ಗ್ರಂಥಕಾರನಾದ ಲೂಕ ಕೊಡುವ ಅರ್ಥದಲ್ಲಿ ‘ಪರಾಕ್ಲೇಸಿಸ್’ ಎಂಬ ಗ್ರೀಕ್ ಪದವಿದೆ. ಪಕ್ಕಕ್ಕೆ ಕರೆಯುವುದು ಎಂಬುದು ಅದರ ಮೂಲಾರ್ಥ. ಸಾಂತ್ವನ, ಧೈರ್ಯ, ಬುದ್ಧಿವಾದ ಎಂಬ ಅರ್ಥಗಳು ಅದರಿಂದ ಬೆಳೆದು ಬಂದವು. ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತಿರವಾದ ಎರಡು ನುಡಿಗಟ್ಟುಗಳಿವೆ: ಬೆನ್ನು ತಟ್ಟುವುದು, ಹೆಗಲು ಕೊಡುವುದು. ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವಾದರೂ ಅವುಗಳಲ್ಲಿ ಅಂತರವುಂಟು. ಬೆನ್ನು ತಟ್ಟಿದವನು ತನ್ನ ಪಾಡಿಗೆ ತಾನು ಮನೆಗೆ ಹೋಗಬಹುದು. ಹೆಗಲು ಕೊಟ್ಟವನಿಗೆ ಭಾರದಲ್ಲಿ ಪಾಲು ಬರುತ್ತದೆ. ಬಾರ್ನಬ ಕೊಟ್ಟ ಧೈರ್ಯ ಈ ಎರಡನೆಯ ಬಗೆಯದು.

ಮೊದಲ ಪ್ರಸಂಗವನ್ನು ನೋಡೋಣ. ಸೌಲನೆಂಬ ತರುಣ ಕ್ರೈಸ್ತಸಭೆಯ ಕಡುವೈರಿಯಾಗಿದ್ದವನು. ಸ್ತೆಫನನನ್ನು ಕಲ್ಲೆಸೆದು ಕೊಂದ ದಿನ, ಸಾಕ್ಷಿಗಳು ತಮ್ಮ ವಸ್ತ್ರಗಳನ್ನು ತೆಗೆದಿಟ್ಟದ್ದು ಈತನ ಕಾಲ ಬಳಿ. ಮನೆಮನೆಗೆ ನುಗ್ಗಿ, ಗಂಡಸರು ಹೆಂಗಸರೆನ್ನದೆ ಎಳೆದೊಯ್ದು ಸೆರೆಗೆ ಹಾಕಿಸಿದವನು. ದಮಸ್ಕದ ದಾರಿಯಲ್ಲಿ ಆತನ ಬಾಳು ತಿರುಗಿತು. ಆದರೆ ಯೆರೂಸಲೇಮಿಗೆ ಬಂದು ಶಿಷ್ಯರೊಡನೆ ಸೇರಲು ಯತ್ನಿಸಿದಾಗ ಅವರು ಹೆದರಿ ದೂರ ಸರಿದರು. ಅವರನ್ನು ಹಳಿಯುವಂತಿಲ್ಲ, ಸೆರೆಗೆ ಹೋದವರು ಅವರ ನಡುವಿನವರೇ ಆಗಿದ್ದರು. ಇದೊಂದು ವೇಷವಾಗಿದ್ದರೆ ತೆರಬೇಕಾಗಿದ್ದ ಬೆಲೆ ಪ್ರಾಣದ್ದು. ಆಗ ಬಾರ್ನಬ ಆತನನ್ನು ಕರೆದುಕೊಂಡು ಅಪೊಸ್ತಲರ ಬಳಿಗೆ ಹೋದನು. ಆತನಿಗೆ ಸಂಭವಿಸಿದ್ದನ್ನೂ, ದಮಸ್ಕದಲ್ಲಿ ಆತನು ಅಂಜದೆ ಮಾತಾಡಿದ್ದನ್ನೂ ವಿವರಿಸಿದನು. ತನ್ನ ಒಳ್ಳೆಯ ಹೆಸರನ್ನೇ ಇನ್ನೊಬ್ಬನಿಗೆ ಜಾಮೀನಾಗಿಟ್ಟನು. ಅವನ ಮಾತು ಕುರುಡು ಉದಾರತೆಯಿಂದ ಬಂದುದಲ್ಲವೆಂಬುದನ್ನು ಗಮನಿಸಬೇಕು. ಅಪೊಸ್ತಲರ ಮುಂದಿಡಲು ಅವನ ಬಳಿ ಸಂಗತಿಗಳಿದ್ದವು. ಉಳಿದವರು ಸೌಲನ ಹಿಂದಿನ ದಿನಗಳನ್ನು ನೆನೆಯುತ್ತಿದ್ದಾಗ ಈತ ಆತನ ಇಂದಿನ ನಡೆಯನ್ನು ವಿಚಾರಿಸಿ ತಿಳಿದಿದ್ದನು.

ಮುಂದೆ ಸೌಲನು ತನ್ನ ಹುಟ್ಟೂರಾದ ತಾರ್ಸಕ್ಕೆ ಹಿಂದಿರುಗಿದನು. ಅಲ್ಲಿಂದ ಕೆಲವು ವರ್ಷ ‘ಕೃತ್ಯಗಳು’ ಗ್ರಂಥದಲ್ಲಿ ಆತನ ಸುದ್ದಿಯೇ ಇಲ್ಲ. ಇತ್ತ ಅಂತಿಯೋಕ್ಯದಲ್ಲಿ, ಯೆಹೂದ್ಯರಲ್ಲದವರೂ ಸೇರಿದ ಹೊಸ ಸಭೆಯೊಂದು ಬೆಳೆಯತೊಡಗಿತು. ಇಂದು ತುರ್ಕಿಯ ಅಂತಾಕ್ಯ ಎನಿಸಿಕೊಂಡಿರುವ, 2023ರ ಫೆಬ್ರುವರಿಯ ಭೂಕಂಪದಲ್ಲಿ ಘೋರ ಹಾನಿಯನ್ನುಂಡ ಪಟ್ಟಣವೇ ಅದು. ಅಲ್ಲಿಯ ಸಂಗತಿಯನ್ನು ನೋಡಿ ಬರಲು ಯೆರೂಸಲೇಮಿನವರು ಬಾರ್ನಬನನ್ನು ಕಳುಹಿಸಿದರು. ಆತ ತಪ್ಪು ಹುಡುಕುವ ತನಿಖಾಧಿಕಾರಿಯಾಗಲಿಲ್ಲ. ಕಂಡದ್ದಕ್ಕೆ ಸಂತೋಷಪಟ್ಟನೆಂದು ಲೂಕ ಬರೆಯುತ್ತಾನೆ. ಆದರೆ ಕೆಲಸ ಒಬ್ಬನಿಂದ ಆಗುವಂಥದಾಗಿರಲಿಲ್ಲ. ತನಗಿಂತ ಸಮರ್ಥನಾದವನೊಬ್ಬ ಮೂಲೆಯ ಊರಿನಲ್ಲಿ ಉಳಿದಿದ್ದಾನೆಂಬ ನೆನಪು ಆತನಿಗಿತ್ತು. ಬಾರ್ನಬ ತಾನೇ ತಾರ್ಸಕ್ಕೆ ಹೊರಟು, ಸೌಲನನ್ನು ಹುಡುಕಿ ಕರೆತಂದನು. ಇಬ್ಬರೂ ಒಂದು ವರ್ಷ ಕೂಡಿ ಬೋಧಿಸಿದರು. ‘ಕ್ರೈಸ್ತರು’ ಎಂಬ ಹೆಸರು ಮೊದಲು ಹುಟ್ಟಿದ್ದು ಆ ಪಟ್ಟಣದಲ್ಲೇ.

ಇಲ್ಲಿಂದ ಮುಂದಿನ ಅಧ್ಯಾಯಗಳಲ್ಲಿ ಹೆಸರುಗಳ ಅನುಕ್ರಮವನ್ನು ಗಮನಿಸುವುದು ಒಳ್ಳೆಯದು. ಮೊದಮೊದಲು ಲೂಕ ‘ಬಾರ್ನಬ ಮತ್ತು ಸೌಲ’ ಎಂದು ಬರೆಯುತ್ತಾನೆ. ಕುಪ್ರದ್ವೀಪದ ಪ್ರವಾಸ ಮುಗಿಯುವ ವೇಳೆಗೆ ಅದು ಬಹುಮಟ್ಟಿಗೆ ‘ಪೌಲ ಮತ್ತು ಬಾರ್ನಬ’ ಎಂದು ತಿರುಗುತ್ತದೆ. ಕರೆತಂದವನು ಎರಡನೆಯವನಾದನು, ಬಂದವನು ಮೊದಲಿಗನಾದನು. ಬಾರ್ನಬ ಇದಕ್ಕಾಗಿ ಕೊರಗಿದನೆಂಬ ಸೂಚನೆ ಎಲ್ಲಿಯೂ ಇಲ್ಲ. ವ್ಯಕ್ತಿತ್ವದ ವಿಕಾಸವೆಂದರೆ ಮೆಟ್ಟಿಲು ಏರುವುದೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ತಾನು ಎತ್ತಿ ನಿಲ್ಲಿಸಿದವನು ತನ್ನನ್ನು ಮೀರಿ ಬೆಳೆದಾಗ ಅವನೊಡನೆಯೇ ದುಡಿಯಬಲ್ಲ ಮನಸ್ಸು ಕೂಡ ಬೆಳವಣಿಗೆಯೇ. ಕಚೇರಿಗಳಲ್ಲಿ, ವಿದ್ಯಾಸಂಸ್ಥೆಗಳಲ್ಲಿ ಬಾಳು ಸವೆಸಿದವರಿಗೆ ಅದೆಷ್ಟು ವಿರಳವೆಂಬುದು ಗೊತ್ತು.

ಇನ್ನು ಮೂರನೆಯ ಪ್ರಸಂಗ, ಎಲ್ಲಕ್ಕಿಂತ ನೋವಿನದು. ಮೊದಲ ಪ್ರವಾಸದಲ್ಲಿ ಮಾರ್ಕನೆನಿಸಿಕೊಂಡ ಯೋಹಾನನೆಂಬ ಸಹಾಯಕನೊಬ್ಬ ಇವರ ಜೊತೆಗಿದ್ದ. ಪಂಫುಲ್ಯದ ಪೆರ್ಗೆಗೆ ಬಂದಾಗ ಆತ ಇವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದನು. ಕಾರಣವನ್ನು ಲೂಕ ಹೇಳುವುದಿಲ್ಲ. ಸುಮಾರು ಕ್ರಿ.ಶ. 49ರ ಹೊತ್ತಿಗೆ ಎರಡನೆಯ ಪ್ರವಾಸದ ಮಾತು ಬಂದಾಗ, ಮಾರ್ಕನನ್ನು ಮತ್ತೆ ಕರೆದೊಯ್ಯೋಣವೆಂದನು ಬಾರ್ನಬ, ಬೇಡವೆಂದನು ಪೌಲ. ತೀವ್ರವಾದ ವಾಗ್ವಾದ ನಡೆದು ಇಬ್ಬರೂ ಅಗಲಿದರು. ಪೌಲ ಸೀಲನೊಡನೆ ಒಂದು ದಿಕ್ಕಿಗೆ ನಡೆದರೆ, ಬಾರ್ನಬ ಮಾರ್ಕನೊಡನೆ ಹಡಗು ಹತ್ತಿ ಕುಪ್ರಕ್ಕೆ ಹೋದನು.

ಇಲ್ಲಿ ಪೌಲನಿಗೂ ನ್ಯಾಯ ಸಲ್ಲಬೇಕು. ಕಲ್ಲೇಟಿಗೂ ಸೆರೆಮನೆಗೂ ಸಿದ್ಧರಾಗಿ ಹೊರಡುವ ದಾರಿಯದು. ನಡುವೆ ಕೈಬಿಟ್ಟವನನ್ನು ನೆಚ್ಚಿ ಹೊರಡುವುದು ಕಾರ್ಯಕ್ಕೆ ಅಪಾಯವೆಂಬುದು ಆತನ ವಾದವಾಗಿದ್ದಿರಬೇಕು. ಅದು ಹುರುಳಿಲ್ಲದ ವಾದವಲ್ಲ. ಬಾರ್ನಬನ ಮೇಲೆಯೂ ಒಂದು ಆಕ್ಷೇಪವನ್ನು ಹೊರಿಸಬಹುದು. ಕೊಲೊಸ್ಸೆಯವರಿಗೆ ಬರೆದ ಪತ್ರದಿಂದ ಮಾರ್ಕ ಆತನ ಹತ್ತಿರದ ನೆಂಟನೆಂದು ತಿಳಿಯುತ್ತದೆ. ಸ್ವಜನಪಕ್ಷಪಾತವೆಂದು ಆಗಿನವರೂ ಆಡಿಕೊಂಡಿರಬಹುದು. ಆದರೆ ನೆಂಟರಲ್ಲದ, ವೈರಿಯೇ ಆಗಿದ್ದ ಸೌಲನಿಗಾಗಿ ಹಿಂದೆ ಇದನ್ನೇ ಮಾಡಿದ್ದವನು ಆತ. ಅಂದು ತನಗೆ ದೊರೆತ ಅವಕಾಶ ಇಂದು ಮಾರ್ಕನಿಗೂ ದೊರೆಯಬೇಕೆಂಬುದು ಪೌಲನಿಗೆ ಆ ಗಳಿಗೆಯಲ್ಲಿ ತೋಚಲಿಲ್ಲ.

ಬಾರ್ನಬ ತೆತ್ತ ಬೆಲೆ ಸಣ್ಣದಲ್ಲ. ಕುಪ್ರಕ್ಕೆ ಹೊರಟ ಆ ಹಡಗಿನೊಡನೆ ‘ಕೃತ್ಯಗಳು’ ಗ್ರಂಥದಿಂದ ಆತನ ಹೆಸರು ಮರೆಯಾಗುತ್ತದೆ. ಮುಂದಿನ ಕಥೆಯೆಲ್ಲ ಪೌಲನದು. ಆದರೆ ಮಾರ್ಕ ಮರೆಯಾಗಲಿಲ್ಲ. ಕೊಲೊಸ್ಸೆಯವರಿಗೂ ಫಿಲೆಮೋನನಿಗೂ ಬರೆದ ಪತ್ರಗಳಲ್ಲಿ ಆತ ಪೌಲನ ಜೊತೆಗಾರರಲ್ಲಿ ಒಬ್ಬ. ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಂತೂ, ಮಾರ್ಕನನ್ನು ಕರೆತರಬೇಕೆಂದೂ ಆತ ಸೇವೆಗೆ ಉಪಯುಕ್ತನೆಂದೂ ಸೆರೆಯಲ್ಲಿರುವ ಪೌಲನ ಕೋರಿಕೆಯಿದೆ. ಎರಡನೆಯ ಸುವಾರ್ತೆಯನ್ನು ಬರೆದವನು ಈ ಮಾರ್ಕನೇ ಎಂಬುದು ಸಭೆಯ ಪ್ರಾಚೀನ ಪರಂಪರೆ.

ಬಾರ್ನಬ ದೋಷರಹಿತನೆಂದು ಹೊಸ ಒಡಂಬಡಿಕೆ ಹೇಳುವುದಿಲ್ಲ. ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಕುಳಿತು ಉಣ್ಣುವ ಪ್ರಶ್ನೆ ಬಂದಾಗ, ಅಂತಿಯೋಕ್ಯದಲ್ಲಿ ಇತರರಂತೆ ಬಾರ್ನಬನೂ ಅಂಜಿ ಹಿಂದೆ ಸರಿದನೆಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನೇ ನೊಂದು ಬರೆದಿದ್ದಾನೆ. ಇದರಿಂದ ನನಗೆ ಆತನ ಮೇಲಿನ ಗೌರವ ಕಡಮೆಯಾಗುವುದಿಲ್ಲ. ತಾನೂ ಅಳುಕಿದವನೇ ಇನ್ನೊಬ್ಬನ ಅಳುಕನ್ನು ಬಲ್ಲನು.

ನಮ್ಮ ದಿನನಿತ್ಯದ ಬಾಳಿನಲ್ಲಿ ಯೆರೂಸಲೇಮಿನ ಭಯವಿಲ್ಲ, ಪೆರ್ಗೆಯ ದಾರಿಯಿಲ್ಲ. ಆದರೆ ಸೌಲರೂ ಮಾರ್ಕರೂ ಇದ್ದಾರೆ. ಮೂರು ದಶಕಗಳ ಕಾಲ ತರಗತಿಗಳಲ್ಲಿ ನಿಂತವನಾಗಿ ಒಂದು ಮಾತು ಹೇಳಬಲ್ಲೆ. ಮೊದಲ ದರ್ಜೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗೆ ಶಿಫಾರಸು ಪತ್ರ ಬರೆಯುವುದು ಸುಲಭ. ನಮ್ಮ ಸಹಿ ಇಲ್ಲದಿದ್ದರೂ ಆತನಿಗೆ ನಡೆಯುತ್ತದೆ. ಓದನ್ನು ನಡುವೆ ಬಿಟ್ಟು, ಎರಡು ವರ್ಷ ಕಳೆದು, ಸಂಕೋಚದಿಂದ ಮತ್ತೆ ಬಾಗಿಲಲ್ಲಿ ನಿಂತವನ ವಿಷಯ ಬೇರೆ. ಕುಡಿತ ಬಿಟ್ಟು ಕೆಲಸ ಕೇಳಿಕೊಂಡು ಬಂದ ನೆರೆಯವನದೂ, ಸೆರೆಮನೆಯಿಂದ ಹೊರಬಂದು ಬಾಡಿಗೆ ಮನೆ ಹುಡುಕುವವನದೂ ಇದೇ ಪಾಡು. ‘ಒಳ್ಳೆಯದಾಗಲಿ’ ಎಂಬ ಹಾರೈಕೆಯಿಂದ ಅವರ ಹೊಟ್ಟೆ ತುಂಬುವುದಿಲ್ಲ. ‘ಇವನನ್ನು ನಾನು ಬಲ್ಲೆ, ಇವನ ಮಾತಿಗೆ ನಾನಿದ್ದೇನೆ’ ಎಂದು ಅಂಗಡಿಯ ಯಜಮಾನನ ಮುಂದೆ, ಮನೆಯೊಡೆಯನ ಮುಂದೆ ನಿಂತು ಹೇಳುವವರು ಅವರಿಗೆ ಬೇಕು. ಹೇಳುವ ಮುನ್ನ ಬಾರ್ನಬನಂತೆ ವಿಚಾರಿಸಿ ತಿಳಿಯೋಣ. ಹೇಳಿದ ಮೇಲೆ ನಷ್ಟ ಬಂದರೆ ಅದರಲ್ಲಿ ನಮ್ಮ ಪಾಲನ್ನು ಹೊರೋಣ. ಹಾಗೆ ಹೊತ್ತ ಒಬ್ಬನ ದೆಸೆಯಿಂದ ಪೌಲನಿಗೆ ಸಭೆಯ ಬಾಗಿಲು ತೆರೆಯಿತು, ಮಾರ್ಕನಿಗೆ ಬಿಟ್ಟುಹೋದ ಕೆಲಸ ಮರಳಿ ದೊರೆಯಿತು.