ಗಣಿಯ ಧೂಳು, ರಕ್ತದ ಸಾಕ್ಷ್ಯ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲುಹಾದಿಯಲ್ಲಿ ಕೋರಮಂಡಲ್ ಒಂದು ನಿಲ್ದಾಣ. ಆ ಸೀಮೆಯಲ್ಲಿ ನೀವು ಕಾಣುವ ಬೂದುಬಣ್ಣದ ಗುಡ್ಡಗಳು ನಿಸರ್ಗದ ಸೃಷ್ಟಿಯಲ್ಲ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ. ಚಿನ್ನವಿದ್ದದ್ದು ಬೆಣಚುಕಲ್ಲಿನಲ್ಲಿ. ಬೆಣಚುಕಲ್ಲೆಂದರೆ ಸಿಲಿಕ. ಅದನ್ನು ಕೊರೆದವರ ಶ್ವಾಸಕೋಶ ಕೆಡುತ್ತದೆಂದು 1940ರಲ್ಲಿಯೇ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ತಂದಿತ್ತು. ಅದೇ ಧೂಳಿನ ಕೈ ಶ್ವಾಸಕೋಶದ ಆಚೆಗೂ ಚಾಚುತ್ತದೆಂಬುದು ಹೆಚ್ಚು ಜನರಿಗೆ ತಿಳಿಯದು.

ಪ್ರತಿಕಾಯಗಳೆಂಬ ಪ್ರೋಟೀನುಗಳು ನಮ್ಮ ರಕ್ತದಲ್ಲಿವೆ. ರೋಗಾಣುವನ್ನು ಗುರುತಿಸಿ ಹಿಡಿಯುವುದು ಅವುಗಳ ಕೆಲಸ. ಕೆಲವರಲ್ಲಿ ಅವು ಸ್ವಂತ ಜೀವಕೋಶದ ಕೇಂದ್ರಕ್ಕೇ ಅಂಟಿಕೊಳ್ಳುತ್ತವೆ. ಕಾವಲುಗಾರ ಮನೆಯವರನ್ನೇ ಹಿಡಿದಂತೆ. ಇವು ಸ್ವಪ್ರತಿಕಾಯಗಳು. ಲೂಪಸ್, ಚರ್ಮ ಬಿಗಿಯುವ ಸ್ಕ್ಲೀರೋಡರ್ಮ ಮೊದಲಾದ ಸಂಯೋಜಕ ಅಂಗಾಂಶದ ಕಾಯಿಲೆಗಳಲ್ಲಿ ಇವು ಕಾಣಸಿಗುತ್ತವೆ.

ಧೂಳಿಗೂ ಇದಕ್ಕೂ ಏನು ನಂಟು? ಶ್ವಾಸಕೋಶದ ಭಕ್ಷಕ ಕೋಶವೊಂದು ಸಿಲಿಕದ ಕಣವನ್ನು ನುಂಗುತ್ತದೆ. ಕಲ್ಲು ಕರಗೀತೆ? ಕೋಶ ಸತ್ತು ಒಳಗಿನದೆಲ್ಲ ಹೊರಚೆಲ್ಲುತ್ತದೆ. ಅದೇ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ, ಸಾಯುತ್ತದೆ. ವರ್ಷಗಟ್ಟಲೆ ಹೀಗೆ ಉರಿಯೂತ ನಡೆದಾಗ ದೇಹದ ರಕ್ಷಣಾ ವ್ಯವಸ್ಥೆಗೆ ತನ್ನದು, ಅನ್ಯರದು ಎಂಬ ಗುರುತು ತಪ್ಪಬಹುದೆಂಬುದು ವಿಜ್ಞಾನಿಗಳ ವಿವರಣೆ. 1914ರಲ್ಲಿ ಬ್ರ್ಯಾಮ್‌ವೆಲ್ ಎಂಬ ವೈದ್ಯರು ಸ್ಕಾಟ್ಲೆಂಡಿನ ಕಲ್ಲುಕುಟಿಗರಲ್ಲಿ ಸ್ಕ್ಲೀರೋಡರ್ಮವನ್ನು ಗಮನಿಸಿದ್ದರು. 1957ರಲ್ಲಿ ಎರಾಸ್ಮಸ್ ಅವರು ಅದನ್ನೇ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಾರರಲ್ಲಿ ಕಂಡರು. ನಮ್ಮ ಗಣಿಯ ಕಲ್ಲಿನಲ್ಲೂ ಇದ್ದದ್ದು ಸಿಲಿಕವೇ.

ಸ್ವಪ್ರತಿಕಾಯಗಳನ್ನು ಪತ್ತೆಹಚ್ಚುವುದು ಎ.ಎನ್.ಎ. ಪರೀಕ್ಷೆ. ರೋಗಿಯ ರಕ್ತದ್ರವವನ್ನು ಗಾಜಿನ ಮೇಲಿನ ಜೀವಕೋಶಗಳಿಗೆ ಸೋಕಿಸಿ, ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚೀಟಿಯಲ್ಲಿ 'ಪಾಸಿಟಿವ್' ಎಂದು ಕಂಡೊಡನೆ ಕಂಗೆಡಬೇಡಿ. ರಕ್ತದ್ರವವನ್ನು 40 ಪಟ್ಟು ತೆಳುವಾಗಿಸಿ ನೋಡಿದರೆ ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು 30 ಮಂದಿ ಪಾಸಿಟಿವ್. 160 ಪಟ್ಟು ತೆಳುವಾಗಿಸಿದರೆ ಸುಮಾರು 5 ಮಂದಿ. 1997ರ ಅಂತರರಾಷ್ಟ್ರೀಯ ಅಧ್ಯಯನವೊಂದರ ಲೆಕ್ಕವಿದು. ಈ ಲೆಕ್ಕವನ್ನೂ ಚೀಟಿಯಲ್ಲೇ ಅಚ್ಚುಮಾಡಿದರೆ ಎಷ್ಟೋ ಮನೆಗಳಲ್ಲಿ ನಿದ್ದೆ ಉಳಿದೀತು! ಆದರೆ ಚಳಿಗೆ ಬೆರಳುಗಳು ಬೆಳ್ಳಗಾಗುತ್ತಿದ್ದರೆ, ಬೆರಳ ಚರ್ಮ ಬಿಗಿಯುತ್ತಿದ್ದರೆ, ಕೀಲು ಊದಿದ್ದರೆ ಅದೇ ಚೀಟಿಗೆ ಬೇರೆಯೇ ಅರ್ಥ. ಸ್ಕ್ಲೀರೋಡರ್ಮದ ಅನುಮಾನವಿದ್ದರೆ ವೈದ್ಯರು ಎಸ್‌ಸಿಎಲ್-70 ಎಂಬ ನಿರ್ದಿಷ್ಟ ಸ್ವಪ್ರತಿಕಾಯವನ್ನೂ ಹುಡುಕಿಸುತ್ತಾರೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಶ್ವಾಸಕೋಶಕ್ಕಿಳಿದ ಧೂಳು ಮಾತ್ರ ಅಲ್ಲೇ ಉಳಿಯುತ್ತದೆ. ಕಾಯಿಲೆ ವರ್ಷಗಳ ನಂತರವೂ ತಲೆದೋರಬಹುದು. ಬೆಂಗಳೂರಿನ ವೈದ್ಯರಿಗೆ ಎದುರು ಕುಳಿತ ಹಿರಿಯರು ಒಂದು ಕಾಲಕ್ಕೆ ಗಣಿಗಿಳಿದವರೆಂದು ತಿಳಿಯುವುದಾದರೂ ಹೇಗೆ? ನಿಮ್ಮ ತಂದೆಯನ್ನೋ ತಾತನನ್ನೋ ಕರೆದೊಯ್ಯುವಾಗ ಯಾವ ಗಣಿ, ಎಷ್ಟು ವರ್ಷ, ಬಂಡೆ ಕೊರೆಯುವ ಕೆಲಸವೇ, ಮೇಲಿನ ಗಿರಣಿಯ ಕೆಲಸವೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಹಳೆಯ ಎಕ್ಸ್-ರೇ ಇದ್ದರೆ ಅದರೊಡನೆ ಕೊಡಿ.